ಹೊಸದಾಗಿ ಟ್ರಕಿಂಗ್ ಶುರು ಮಾಡುವವರು ಬಾಕ್ಸ್ ಟ್ರಕ್ ಕೊಳ್ಳಬೇಕಾ, ಬಾಡಿಗೆಗೆ ತಗೋಬೇಕಾ?

ಅಮೆರಿಕದಲ್ಲಿ 26 ಅಡಿಯ ಒಂದು ಬಾಕ್ಸ್ ಟ್ರಕ್ (ಕ್ಯಾಬಿನ್ ಹಿಂದೆ ಮುಚ್ಚಿದ ಪೆಟ್ಟಿಗೆ ಇರುವ ಟ್ರಕ್) ಇಟ್ಟುಕೊಂಡು ಸರಕು ಸಾಗಿಸುವ ಕೆಲಸ ಶುರು ಮಾಡಬೇಕು, ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ, ಬಾಡಿಗೆಗೆ ತಗೊಂಡು ನೋಡಲೋ ಅಥವಾ ಹಳೇ ಟ್ರಕ್ ಒಂದನ್ನು ಕೊಂಡೇಬಿಡಲೋ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿದ್ದೇನೆ. ಬಾಡಿಗೆ ಟ್ರಕ್ಕನ್ನೂ ಓಡಿಸಿದ್ದೇನೆ, ಈಗ ಸ್ವಂತದ್ದು ಓಡಿಸುತ್ತಿದ್ದೇನೆ. ನನ್ನ ಮಾತು ಇಷ್ಟೇ: ವಾರದಲ್ಲಿ ಎಷ್ಟು ದಿನ ಚಕ್ರ ತಿರುಗುತ್ತದೆ ಅನ್ನುವುದು ಗೊತ್ತಾಗುವವರೆಗೆ ಕೊಳ್ಳಬೇಡಿ. ಗೊತ್ತಾದ ಮೇಲೆ ಬಾಡಿಗೆಯಲ್ಲೇ ಕೂರಬೇಡಿ.

ಮೊದಲು ಬಾಡಿಗೆ ವಿಷಯ. ಮನೆ ಸಾಮಾನು ಸಾಗಿಸಲು ಜನ ಒಂದೆರಡು ದಿನಕ್ಕೆ ತಗೊಳ್ಳುವ ಟ್ರಕ್ ಇದೆಯಲ್ಲ, ಅದನ್ನು ತಗೊಂಡು ಬಂದು ಬ್ರೋಕರ್ (ಸರಕಿನವರಿಗೂ ಟ್ರಕ್‌ನವರಿಗೂ ನಡುವಿನ ದಲ್ಲಾಳಿ) ಕೊಟ್ಟ ಲೋಡ್ ಎತ್ತುತ್ತೇನೆ ಅಂದರೆ ಆಗುವುದಿಲ್ಲ. ಅಂಥ ಬಹಳಷ್ಟು ಒಪ್ಪಂದಗಳಲ್ಲಿ ದುಡ್ಡು ತಗೊಂಡು ಬೇರೆಯವರ ಸರಕು ಸಾಗಿಸಬಾರದು ಅಂತ ಒಂದು ಸಾಲು ಇರುತ್ತದೆ. ಸಣ್ಣ ಅಕ್ಷರದಲ್ಲಿ, ಸಹಿ ಮಾಡುವ ಜಾಗಕ್ಕಿಂತ ಎಷ್ಟೋ ಮೇಲೆ. ಅಪಘಾತ ಆದ ದಿನ ಮಾತ್ರ ಆ ಸಾಲು ದೊಡ್ಡದಾಗಿ ಕಾಣುತ್ತದೆ. ನಿಮಗೆ ಬೇಕಾಗಿರುವುದು ವ್ಯಾಪಾರಕ್ಕೆ ಅಂತಲೇ ಕೊಡುವ ಬಾಡಿಗೆ. ಪೆನ್‌ಸ್ಕಿ, ರೈಡರ್ ಥರದ ಕಂಪನಿಗಳು ಈ ಕೆಲಸ ಮಾಡುತ್ತವೆ. ಅಲ್ಲೂ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ: "ನಾನು ದುಡ್ಡು ತಗೊಂಡು ಬೇರೆಯವರ ಸರಕು ಸಾಗಿಸುವವನು, ಬೇರೆ ರಾಜ್ಯಕ್ಕೂ ಹೋಗುತ್ತೇನೆ, ಪರವಾಗಿಲ್ವಾ?" ಅವರು ಹೂಂ ಅಂದರೆ ಸಾಲದು, ಕಾಗದದಲ್ಲಿ ಎಲ್ಲಿದೆ ಅಂತ ತೋರಿಸಲಿ.

ಎರಡನೆಯದು ಇನ್ಶೂರೆನ್ಸ್. ಹೊಸಬರ ಲೆಕ್ಕ ತಪ್ಪುವುದು ಜಾಸ್ತಿ ಇಲ್ಲೇ. 10,000 ಪೌಂಡ್‌ಗಿಂತ ಹೆಚ್ಚಿನ ತೂಕದ ಗಾಡಿಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯವರ ಸಾಮಾನ್ಯ ಸರಕು ಸಾಗಿಸಲು ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕನಿಷ್ಠ 7,50,000 ಡಾಲರ್ ಲಯಬಿಲಿಟಿ ಕವರ್, ಅಂದರೆ ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ, ಇರಲೇಬೇಕು. ಬ್ರೋಕರ್‌ಗಳು ಸಾಮಾನ್ಯವಾಗಿ 10 ಲಕ್ಷ ಡಾಲರ್ ಕೇಳುತ್ತಾರೆ. ಅದರ ಮೇಲೆ ಸರಕಿಗೆ ಬೇರೆ 1,00,000 ಡಾಲರ್ ಕವರ್. ಈ ಸರಕಿನ ಕವರ್ ಸಾಮಾನ್ಯ ಸರಕಿಗೆ ಕಾನೂನಿನಲ್ಲಿ ಕಡ್ಡಾಯವಿಲ್ಲ, ಆದರೆ ಅದಿಲ್ಲದೆ ಬ್ರೋಕರ್ ಫೋನ್ ಇಟ್ಟುಬಿಡುತ್ತಾನೆ. ಬಾಡಿಗೆ ಕಂಪನಿ ದಿನಕ್ಕಿಷ್ಟು ಅಂತ ಮಾರುವ ಕವರ್ ಇದಕ್ಕೆ ಹತ್ತಿರಕ್ಕೂ ಬರುವುದಿಲ್ಲ. ಅದು ಬಹುತೇಕ ಅವರ ಟ್ರಕ್ಕಿಗೆ ಆಗುವ ಹಾನಿಗೆ. ಹಾಗಾಗಿ ಬಾಡಿಗೆಯಲ್ಲಿದ್ದರೆ ಇನ್ಶೂರೆನ್ಸ್ ಉಳಿಯುತ್ತದೆ ಅನ್ನುವ ಆಸೆ ಬಿಡಿ. ನಿಮ್ಮ ಹೆಸರಿನ ಪಾಲಿಸಿ ಹೇಗೂ ಬೇಕು, ಅದರಲ್ಲಿ ಬಾಡಿಗೆ ವಾಹನಕ್ಕೂ ಕವರ್ ಸೇರಿಸಿರಬೇಕು. ಹೊಸ ಕಂಪನಿ ಅಂದರೆ ಪ್ರೀಮಿಯಂ ಮೊದಲ ಒಂದೆರಡು ವರ್ಷ ಜಾಸ್ತಿನೇ.

ಇಲ್ಲೊಂದು ಕೋಳಿ ಮೊದಲಾ ಮೊಟ್ಟೆ ಮೊದಲಾ ಕಥೆ ಇದೆ. ಟ್ರಕ್ ಕಂಪನಿಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎಗೆ 300 ಡಾಲರ್ ಕಟ್ಟಿ ಆಥಾರಿಟಿಗೆ, ಅಂದರೆ ಬೇರೆಯವರ ಸರಕು ಸಾಗಿಸುವ ಪರವಾನಗಿಗೆ, ಅರ್ಜಿ ಹಾಕುತ್ತೀರಿ. ಇನ್ಶೂರೆನ್ಸ್ ಕಂಪನಿ ಕವರ್ ಇದೆ ಅಂತ ಫೈಲಿಂಗ್ ಮಾಡದೆ, ನಿಮ್ಮ ಪರವಾಗಿ ಕೋರ್ಟ್ ನೋಟಿಸ್ ತಗೊಳ್ಳುವವರು ಯಾರು ಅಂತ ತಿಳಿಸುವ ಬಿಒಸಿ-3 ಕಾಗದ ಹೋಗದೆ, ಅದು ಚಾಲೂ ಆಗುವುದಿಲ್ಲ. ಇನ್ಶೂರೆನ್ಸ್ ಏಜೆಂಟ್ ಹೇಳುವುದು: "ಟ್ರಕ್‌ನ ವಿನ್ ನಂಬರ್ ಕೊಡಿ." ಅದು ಒಂದೊಂದು ಗಾಡಿಗೂ ಇರುವ ಗುರುತಿನ ಸಂಖ್ಯೆ, ಟ್ರಕ್ಕೇ ಇನ್ನೂ ಇಲ್ಲ! ಹೊಸಬರು ಗಾಬರಿಯಾಗಿ ಟ್ರಕ್ ಕೊಳ್ಳುವುದು ಹೆಚ್ಚಾಗಿ ಈ ಘಟ್ಟದಲ್ಲಿ. ಆಮೇಲೆ ಆಥಾರಿಟಿ ಬರುವವರೆಗೆ ವಾರಗಟ್ಟಲೆ ಟ್ರಕ್ ಅಂಗಳದಲ್ಲಿ ನಿಂತಿರುತ್ತದೆ, ಕಂತು ಮಾತ್ರ ಓಡುತ್ತಿರುತ್ತದೆ. ಬಂದ ಮೇಲೂ ಎಷ್ಟೋ ಬ್ರೋಕರ್‌ಗಳು "ನಿಮ್ಮ ಆಥಾರಿಟಿ ಇನ್ನೂ ಹೊಸದು, ಕೆಲವು ತಿಂಗಳು ಬಿಟ್ಟು ಬನ್ನಿ" ಅನ್ನುತ್ತಾರೆ. ಟ್ರಕ್ ಕೊಳ್ಳುವ ಮೊದಲೇ ನಾಲ್ಕಾರು ಏಜೆಂಟ್‌ಗಳ ಹತ್ತಿರ ಕೇಳಿ. ಬಾಡಿಗೆ ಅಥವಾ ಲೀಸ್ ಟ್ರಕ್ ಮೇಲೆ ಪಾಲಿಸಿ ಬರೆಯುವವರು ಇದ್ದಾರೆ, ಹುಡುಕಬೇಕು ಅಷ್ಟೆ.

ಇನ್ನು ಲೆಕ್ಕ. ಕೆಳಗಿನ ಸಂಖ್ಯೆಗಳು ದಾರಿ ತೋರಿಸಲು ಸುಮ್ನೆ ಹಾಕಿದ್ದು, ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ. ಡೀಸೆಲ್, ಇನ್ಶೂರೆನ್ಸ್ ಎರಡು ಕಡೆಯೂ ಇರುವುದರಿಂದ ಬಿಟ್ಟುಬಿಡೋಣ. ಬಾಡಿಗೆ ದಿನಕ್ಕೆ 200 ಡಾಲರ್, ಜೊತೆಗೆ ಮೈಲಿಗೆ 25 ಸೆಂಟ್ಸ್ ಅಂದುಕೊಳ್ಳಿ. ದಿನಕ್ಕೆ 200 ಮೈಲಿ ಓಡಿಸಿದರೆ 250 ಡಾಲರ್. ಸ್ವಂತದ್ದಾದರೆ ಕಂತು, ಪಾರ್ಕಿಂಗ್, ರಿಜಿಸ್ಟ್ರೇಷನ್ ಎಲ್ಲ ಸೇರಿ ತಿಂಗಳಿಗೆ 1,600 ಅನ್ನಿ. ರಿಪೇರಿಗೆ ಅಂತ ಕಣ್ಣುಮುಚ್ಚಿ 500 ಎತ್ತಿಡಿ. ಓಡಿಸಿದ ದಿನ ಟೈರ್, ಆಯಿಲ್ ಸವಕಳಿ ಮೈಲಿಗೆ 20 ಸೆಂಟ್ಸ್ ಹಿಡಿದರೆ 40 ಡಾಲರ್. ಓಡಿಸಿದ ಒಂದೊಂದು ದಿನಕ್ಕೂ ಸ್ವಂತದ್ದರಲ್ಲಿ 210 ಡಾಲರ್ ಉಳಿಯುತ್ತದೆ. ತಿಂಗಳ ಖಾಯಂ ಖರ್ಚು 2,100. ಅಂದರೆ ತಿಂಗಳಿಗೆ 10 ದಿನ ಓಡಿದರೆ ಎರಡೂ ಸಮ. 10ಕ್ಕಿಂತ ಕಡಿಮೆ ಇದ್ದರೆ ಬಾಡಿಗೆಯೇ ಲಾಭ, 15-20 ದಿನ ಖಾತ್ರಿ ಕೆಲಸ ಇದ್ದರೆ ಬಾಡಿಗೆ ಕೈ ಕಚ್ಚುತ್ತದೆ. ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡರೆ ದಿನದ ದರ ಇಳಿಯುವುದರಿಂದ ಈ ಗೆರೆ ಸ್ವಲ್ಪ ಮೇಲಕ್ಕೆ ಹೋಗುತ್ತದೆ.

ಈ ಲೆಕ್ಕದಲ್ಲಿ ಕಾಣದ ಒಂದು ವಿಷಯ ಇದೆ. 500 ಡಾಲರ್ ಎತ್ತಿಟ್ಟಿದ್ದೀರಿ ನಿಜ, ಆದರೆ ಎರಡನೇ ತಿಂಗಳಲ್ಲೇ ಎಂಜಿನ್‌ನ ಟರ್ಬೊ ಹೋದರೆ? ಆ ಬಿಲ್ ಸಾವಿರಗಳಲ್ಲಿ ಬರುತ್ತದೆ, ಟ್ರಕ್ ಗ್ಯಾರೇಜಿನಲ್ಲಿರುವಷ್ಟು ದಿನ ಆದಾಯವೂ ಇಲ್ಲ. ಬಾಡಿಗೆ ಟ್ರಕ್ ರಸ್ತೆಯಲ್ಲಿ ನಿಂತರೆ ಫೋನ್ ಮಾಡಿ ಕಾಯುವುದಷ್ಟೇ ನಿಮ್ಮ ಕೆಲಸ, ಅವರೇ ಬದಲಿ ಗಾಡಿ ನೋಡುತ್ತಾರೆ. ಆದ್ದರಿಂದ ನಿಮ್ಮ ಉಳಿತಾಯವೆಲ್ಲ ಡೌನ್ ಪೇಮೆಂಟ್‌ಗೆ ಹೋಗಿ ಕೈ ಖಾಲಿ ಆಗುವುದಾದರೆ, 20 ದಿನದ ಕೆಲಸ ಇದ್ದರೂ ನಾನು ಕೊಳ್ಳಿ ಅನ್ನಲ್ಲ.

ಇನ್ನೊಂದು ಕಾರಣಕ್ಕೂ ಮೊದಲು ಬಾಡಿಗೆ ಒಳ್ಳೆಯದು. ಯಾವ ಥರದ ಟ್ರಕ್ ಬೇಕು ಅನ್ನುವುದೇ ಕೆಲಸಕ್ಕೆ ಇಳಿಯದೆ ಗೊತ್ತಾಗುವುದಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಜಿವಿಡಬ್ಲ್ಯುಆರ್ ಅಂತ ಬರೆದಿರುತ್ತದೆ. ಟ್ರಕ್ಕೂ ಸರಕೂ ಸೇರಿ ಎಷ್ಟು ತೂಕ ಇರಬಹುದು ಅನ್ನುವ ಮಿತಿ ಅದು. 26,000 ಪೌಂಡ್ ಇದ್ದರೆ ಸಾಮಾನ್ಯ ಸರಕಿಗೆ ಸಿಡಿಎಲ್ (ದೊಡ್ಡ ವಾಣಿಜ್ಯ ವಾಹನದ ಲೈಸೆನ್ಸ್) ಬೇಡ. 26,001 ಆದರೆ ಬೇಕು. ಬಾಕ್ಸ್ ಟ್ರಕ್‌ಗಳು ಹೆಚ್ಚಾಗಿ ಈ ಗೆರೆಯ ಕೆಳಗೇ ನಿಲ್ಲುವುದು ಅದಕ್ಕೇ. ಸಿಡಿಎಲ್ ಬೇಡ ಅಂದಮಾತ್ರಕ್ಕೆ ಏನೂ ಬೇಡ ಅಂತಲ್ಲ, 10,001 ಪೌಂಡ್‌ನಿಂದ ಮೇಲೆ ರಾಜ್ಯ ದಾಟಿ ಓಡಿಸಲು ಯುಎಸ್‌ಡಾಟ್ ನಂಬರ್ (ಸಾರಿಗೆ ಇಲಾಖೆ ನಿಮ್ಮ ಕಂಪನಿಗೆ ಕೊಡುವ ಗುರುತಿನ ಸಂಖ್ಯೆ), ಡ್ರೈವರ್‌ಗೆ ಮೆಡಿಕಲ್ ಕಾರ್ಡ್ ಎರಡೂ ಬೇಕು.

ಈಗ ತೂಕ ನೋಡಿ. 26 ಅಡಿ ಬಾಕ್ಸ್‌ನಲ್ಲಿ 48 ಇಂಚು ಉದ್ದ, 40 ಇಂಚು ಅಗಲದ ಪ್ಯಾಲೆಟ್‌ಗಳು (ಸರಕು ಜೋಡಿಸುವ ಮರದ ಹಲಗೆಗಳು) ಎರಡೆರಡರಂತೆ ಆರು ಸಾಲು, ಒಟ್ಟು 12 ಕೂರುತ್ತವೆ. ಆದರೆ ಲಿಫ್ಟ್‌ಗೇಟ್ (ಸರಕನ್ನು ನೆಲದಿಂದ ಎತ್ತುವ ಹಿಂದಿನ ತಟ್ಟೆ) ಇರುವ ಟ್ರಕ್‌ಗೆ ಹೊರಲು ಉಳಿಯುವುದು ಸುಮಾರು 10,000 ಪೌಂಡ್. ಪ್ಯಾಲೆಟ್ ಒಂದಕ್ಕೆ 1,000 ಪೌಂಡ್ ಇದ್ದರೆ ಹತ್ತಕ್ಕೇ ಮುಗಿಯಿತು. ಹಿಂದೆ ಎರಡು ಪ್ಯಾಲೆಟ್ ಜಾಗ ಖಾಲಿ ಕಾಣುತ್ತಿರುತ್ತದೆ, ಸರಕು ಹತ್ತಿಸುವ ಕಟ್ಟೆ, ಅಂದರೆ ಡಾಕ್‌ನಲ್ಲಿರುವವನು "ಜಾಗ ಇದೆಯಲ್ಲ, ಹಾಕ್ತೀನಿ" ಅನ್ನುತ್ತಾನೆ, ನೀವು ಬೇಡ ಅನ್ನಬೇಕು. ಲಿಫ್ಟ್‌ಗೇಟ್ ಇಲ್ಲದಿದ್ದರೆ ತೂಕ ಉಳಿಯುತ್ತದೆ, ಆದರೆ ಡಾಕ್ ಇಲ್ಲದ ಅಂಗಡಿ, ಆಫೀಸು, ಮನೆಗಳ ಡೆಲಿವರಿ ಎಲ್ಲ ಕೈತಪ್ಪುತ್ತದೆ. ನಿಮ್ಮ ಗಿರಾಕಿಗಳು ಯಾವ ಕಡೆಯವರು? ಕೆಲವು ತಿಂಗಳು ಬಾಡಿಗೆ ಟ್ರಕ್ ಓಡಿಸಿದರೆ ತಾನಾಗಿ ಗೊತ್ತಾಗುತ್ತದೆ. ಕೆಲವರಿಗೆ 16 ಅಡಿಯದೇ ಸಾಕಾಗುತ್ತದೆ.

ಲೋಡ್ ಬೋರ್ಡ್ (ಸಾಗಿಸಲು ಸಿಗುವ ಲೋಡ್‌ಗಳ ಆನ್‌ಲೈನ್ ಪಟ್ಟಿ) ನಂಬಿಕೊಂಡು ಕೊಳ್ಳುವವರಿಗೆ ಒಂದು ಮಾತು. ಡ್ಯಾಟ್, ಟ್ರಕ್‌ಸ್ಟಾಪ್ ಇವುಗಳಲ್ಲಿ ಬರುವ ಲೋಡ್‌ಗಳಲ್ಲಿ ಬಹುಪಾಲು 53 ಅಡಿ ಟ್ರೇಲರ್‌ನವರಿಗೆ. ಬಾಕ್ಸ್ ಟ್ರಕ್‌ಗೆ ಸಿಗುವುದು ಕಡಿಮೆ, ಮುಗಿಬೀಳುವವರು ಜಾಸ್ತಿ. ಹೋಗುವಾಗ ಒಳ್ಳೆ ರೇಟ್ ಸಿಕ್ಕಿ, ಬರುವಾಗ ಖಾಲಿ ಬಂದರೆ ಅದು ಅರ್ಧ ರೇಟೇ. ನನ್ನ ಪ್ರಕಾರ ಬಾಕ್ಸ್ ಟ್ರಕ್‌ನವನು ಬದುಕುವುದು ಹತ್ತಿರದ ಖಾಯಂ ಗಿರಾಕಿಗಳಿಂದ: ಪೀಠೋಪಕರಣದ ಅಂಗಡಿ, ಉಗ್ರಾಣ, ಟೈಲ್ಸ್ ವ್ಯಾಪಾರಿ. ಅಂಥವರು ಇಬ್ಬರು ಕೈಯಲ್ಲಿದ್ದಾರೆ ಅಂದರೆ ಟ್ರಕ್ ಹುಡುಕಲು ಶುರು ಮಾಡಿ.

ನಡುವಿನ ದಾರಿ ಫುಲ್ ಸರ್ವಿಸ್ ಲೀಸ್. ತಿಂಗಳಿಗಿಷ್ಟು ಕೊಟ್ಟರೆ ರಿಪೇರಿ, ಟೈರ್ ಎಲ್ಲ ಅವರದ್ದೇ. ಕೇಳಲು ಚೆನ್ನಾಗಿದೆ, ಆದರೆ ಹಲವು ವರ್ಷಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಮಧ್ಯದಲ್ಲಿ ಬಿಟ್ಟರೆ ದಂಡ. ಗಿರಾಕಿಯ ಜೊತೆ ಅಷ್ಟೇ ಅವಧಿಯ ಒಪ್ಪಂದ ಇದ್ದರೆ ಮಾತ್ರ ಅದಕ್ಕೆ ಹೋಗಿ. "ಲೀಸ್ ಕಟ್ಟುತ್ತಾ ಹೋಗಿ, ಕೊನೆಗೆ ಟ್ರಕ್ ನಿಮ್ಮದೇ" ಅನ್ನುವವರ ಕಾಗದವನ್ನು ವಕೀಲರಿಗೆ ತೋರಿಸದೆ ಮುಟ್ಟಬೇಡಿ.

ಕೊಳ್ಳುವ ದಿನ ಬಂತು ಅನ್ನಿ. ದೊಡ್ಡ ಬಾಡಿಗೆ ಕಂಪನಿಗಳು ತಮ್ಮ ಹಳೇ ಟ್ರಕ್‌ಗಳನ್ನು ತಾವೇ ಮಾರುತ್ತವೆ. ಸರ್ವಿಸ್ ದಾಖಲೆ ಸಿಗುತ್ತದೆ ಅನ್ನುವ ಕಾರಣಕ್ಕೆ ನನಗೆ ಅಲ್ಲಿ ನಂಬಿಕೆ ಜಾಸ್ತಿ. ಮೈಲಿ ಮಾತ್ರ ನೋಡಬೇಡಿ, ಎಂಜಿನ್ ಓಡಿದ ಗಂಟೆಗಳನ್ನೂ ಕೇಳಿ. ಮೈಲಿ ಕಡಿಮೆ, ಗಂಟೆ ಜಾಸ್ತಿ ಇದ್ದರೆ ಅದು ಊರೊಳಗೆ ನಿಂತು ನಿಂತು ಓಡಿದ ಟ್ರಕ್. ಹಾಗೆ ಓಡಿದರೆ ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಫಿಲ್ಟರ್ ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯಾಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಎಂಜಿನ್ ತಾನೇ ಶಕ್ತಿ ಇಳಿಸಿಬಿಡುತ್ತದೆ, ಹೆದ್ದಾರಿಯಲ್ಲಿ ಟ್ರಕ್ ತೆವಳುತ್ತದೆ. ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಎಂಜಿನ್ ಕಂಪ್ಯೂಟರ್ ಓದಿಸಿ.

ಹಗಲು ಹೊತ್ತಲ್ಲಿ ಬಾಕ್ಸ್ ಒಳಗೆ ಹೋಗಿ, ಹಿಂದಿನ ಬಾಗಿಲು ಎಳೆಸಿಕೊಂಡು ನಿಲ್ಲಿ. ಮೂಲೆಗಳಲ್ಲಿ, ರಿವೆಟ್ ಸಾಲಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿಂದ ಮಳೆ ನೀರೂ ಬರುತ್ತದೆ. ಕೆಲವು ಬಾಕ್ಸ್‌ಗಳ ಚಾವಣಿ ಬೆಳಕು ಬಿಡುವ ಫೈಬರ್‌ದ್ದೇ ಇರುತ್ತದೆ, ಆಗ ಮರದ ನೆಲದ ಮೇಲೆ ಕಪ್ಪು ಕಲೆ ಹುಡುಕಿ, ಕಾಲಿನಿಂದ ಒತ್ತಿ ನೋಡಿ. ಲಿಫ್ಟ್‌ಗೇಟನ್ನು ಖಾಲಿ ಎತ್ತಿಸಿ ತೋರಿಸಿದರೆ ಒಪ್ಪಬೇಡಿ. ತೂಕ ಇಡಿಸಿ, ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಹೊತ್ತು ಮಾತಾಡುತ್ತಾ ನಿಲ್ಲಿ. ತಾನಾಗಿ ಕೆಳಗೆ ಜಾರುತ್ತಿದ್ದರೆ ಹೈಡ್ರಾಲಿಕ್‌ನಲ್ಲಿ ಎಲ್ಲೋ ಸೋರಿಕೆ ಇದೆ, ಬೆಲೆ ಇಳಿಸಿ ಅಂತ ಕೇಳಬಹುದು. ಟೈರ್ ಪಕ್ಕದಲ್ಲಿ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ: 3521 ಅಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು.

ಕ್ಯಾಲಿಫೋರ್ನಿಯಾಕ್ಕೆ ಹೋಗುವ ಯೋಚನೆ ಇದ್ದರೆ ಅಗ್ಗಕ್ಕೆ ಸಿಕ್ಕಿತು ಅಂತ ತೀರಾ ಹಳೇದು ತಗೋಬೇಡಿ. 14,000 ಪೌಂಡ್‌ಗಿಂತ ಮೇಲಿನ ಡೀಸೆಲ್ ಟ್ರಕ್‌ಗಳಿಗೆ 2023ರಿಂದ ಅಲ್ಲಿ 2010ರ ಅಥವಾ ಅದಕ್ಕಿಂತ ಹೊಸ ಮಾಡೆಲ್‌ನ ಎಂಜಿನ್ ಇರಬೇಕು. ವಿನಾಯಿತಿಗಳು ಬಹಳ ಕಡಿಮೆ.

ಬಾಡಿಗೆಯಿಂದ ಸ್ವಂತಕ್ಕೆ ಬಂದಾಗ ಕಾಗದದ ಕೆಲಸವೂ ಹೆಚ್ಚುತ್ತದೆ. 30 ದಿನ ಮೀರದ ಬಾಡಿಗೆಯಾದರೆ ಟ್ರಕ್ ಮೇಲೆ ಬಾಡಿಗೆ ಕಂಪನಿಯ ಹೆಸರು, ನಂಬರ್ ಇದ್ದರೂ ನಡೆಯುತ್ತದೆ, ಒಪ್ಪಂದದ ಪ್ರತಿ ಗಾಡಿಯಲ್ಲಿರಬೇಕು. ಸ್ವಂತದ್ದಕ್ಕೆ ಎರಡೂ ಪಕ್ಕ ನಿಮ್ಮ ಹೆಸರು, ಯುಎಸ್‌ಡಾಟ್ ನಂಬರ್ 50 ಅಡಿ ದೂರದಿಂದ ಓದುವಂತಿರಬೇಕು. ವರ್ಷಕ್ಕೊಮ್ಮೆ ತಪಾಸಣೆ, ರಿಪೇರಿ ದಾಖಲೆ ನೀವೇ ಇಟ್ಟುಕೊಳ್ಳಬೇಕು. ಹೊಸ ಕಂಪನಿಗಳನ್ನು 18 ತಿಂಗಳು ಗಮನದಲ್ಲಿಟ್ಟಿರುತ್ತಾರೆ, ಸೇಫ್ಟಿ ಆಡಿಟ್‌ನಲ್ಲಿ ಕೇಳುವುದು ಇವೇ ಕಾಗದ. ತೆರಿಗೆಯಲ್ಲಿ ಸವಕಳಿ ತೋರಿಸುವ ಲಾಭ ಸ್ವಂತ ಟ್ರಕ್‌ಗೆ ಇದೆ, ಆದರೆ ಆದಾಯವೇ ಇಲ್ಲದ ಮೊದಲ ವರ್ಷ ಅದಕ್ಕೋಸ್ಕರ ಕೊಳ್ಳುವುದರಲ್ಲಿ ಅರ್ಥ ಇಲ್ಲ. ತೆರಿಗೆ ಲೆಕ್ಕ ನೋಡುವ ಸಿಪಿಎ ಒಬ್ಬರನ್ನು ಕೇಳಿ.

ಕೊಂಡ ಮೇಲೂ ಬಾಡಿಗೆ ಕಂಪನಿಯ ಖಾತೆ ಮುಚ್ಚಬೇಡಿ, ಪಾಲಿಸಿಯಲ್ಲಿ ಬಾಡಿಗೆ ವಾಹನದ ಕವರ್ ತೆಗೆಸಬೇಡಿ. ನಿಮ್ಮ ಟ್ರಕ್ ಗ್ಯಾರೇಜಿನಲ್ಲಿರುವ ವಾರ ಖಾಯಂ ಗಿರಾಕಿಗೆ "ಬರಲ್ಲ" ಅನ್ನುವ ಬದಲು ಒಂದು ಟ್ರಕ್ ಬಾಡಿಗೆಗೆ ತಂದು ಕೆಲಸ ಮುಗಿಸಿಕೊಡಿ. ಆ ವಾರ ಲಾಭ ಉಳಿಯದಿದ್ದರೂ ಪರವಾಗಿಲ್ಲ.