ಹಳೆಯ ಬ್ಲಾಕ್ ಮೊದಲು, ಆಪರೇಷನ್ ಮಾತು ಆಮೇಲೆ

(ಒಂದೇ ಬಗೆಯ ಹಲವು ಪ್ರಕರಣಗಳನ್ನು ಸೇರಿಸಿ ಬರೆದದ್ದು. ಯಾರೊಬ್ಬರ ಗುರುತೂ ಇದರಲ್ಲಿಲ್ಲ.)

ಮಹಿಳೆಗೆ 46 ವರ್ಷ, ಮುಟ್ಟು ಇನ್ನೂ ನಿಂತಿಲ್ಲ. ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಆಗಿ, ಕ್ಯಾನ್ಸರ್ ಮರಳದಂತೆ ಕೊಡುವ ಹಾರ್ಮೋನ್ ತಡೆ ಮಾತ್ರೆ ಟ್ಯಾಮಾಕ್ಸಿಫೆನ್ ದಿನಕ್ಕೆ 20 ಮಿ.ಗ್ರಾಂ. ನುಂಗುತ್ತಿದ್ದರು. ಈಚೆಗೆ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಸಾಕೆನ್ನಿಸುವುದು. ಗ್ಯಾಸ್ ಇರಬೇಕೆಂದು ದಿನ ತಳ್ಳಿದ್ದರು. ಸ್ಕ್ಯಾನಿಂಗ್‌ನಲ್ಲಿ ಎರಡೂ ಅಂಡಾಶಯಗಳಲ್ಲಿ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು. ಒಬ್ಬ ವೈದ್ಯರು ಗರ್ಭಕೋಶ, ಅಂಡಾಶಯ ಎಲ್ಲ ತೆಗೆಯೋಣ ಎಂದರೆ, ಇನ್ನೊಬ್ಬರು ಮೊದಲು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಎಂದರು. ಸಲಹೆ ಕೇಳಲು ನಮ್ಮಲ್ಲಿಗೆ ಬಂದಾಗ ಮಗಳು ಒಳಗೆ ಕಾಲಿಟ್ಟವಳೇ ಬಾಗಿಲು ಮುಂದೆ ಮಾಡಿ, "ಅಮ್ಮನಿಗೆ ನೀರುಗುಳ್ಳೆ ಅಂತ ಹೇಳಿದ್ದೀವಿ ಮೇಡಂ, ನೀವೂ ಹಾಗೇ ಹೇಳಿ" ಎಂದಳು.

ಸ್ತನ ಕ್ಯಾನ್ಸರ್ ಆದವರ ಅಂಡಾಶಯದಲ್ಲಿ ಗಡ್ಡೆ ಕಂಡರೆ ಅದು ಹರಡಿದ್ದೇ ಎಂದು ತೀರ್ಮಾನಿಸಬಾರದು. ಮುಟ್ಟಾಗುತ್ತಿರುವವರಲ್ಲಿ ಟ್ಯಾಮಾಕ್ಸಿಫೆನ್ನೇ ನೀರುಗುಳ್ಳೆ ತರಿಸಬಹುದು. ಅಂಡಾಶಯದಲ್ಲೇ ಹುಟ್ಟಿದ ಹೊಸ ಕ್ಯಾನ್ಸರ್ ಕೂಡ ಇರಬಹುದು. ಆದರೆ ಇವರ ಹಳೆಯ ರಿಪೋರ್ಟಿನಲ್ಲಿ 'ಲೋಬ್ಯುಲಾರ್' (ಹಾಲಿನ ಗ್ರಂಥಿಯ ಬಗೆ) ಎಂದಿತ್ತು. ಈ ಬಗೆ ಅಂಡಾಶಯ, ಹೊಟ್ಟೆಯ ಒಳಪದರ, ಜಠರದ ಕಡೆ ಹೋಗುವುದು ಸಾಮಾನ್ಯವಾಗಿ ಕಾಣುವ ಡಕ್ಟಲ್ (ಹಾಲಿನ ನಾಳದ) ಬಗೆಗಿಂತ ಹೆಚ್ಚು. ಎರಡೂ ಕಡೆ ಗಡ್ಡೆಯಿದ್ದದ್ದೂ ಅನುಮಾನ ಹೆಚ್ಚಿಸಿತು.

ಆದ್ದರಿಂದ ಕೊಟ್ಟ ಮೊದಲ ಸಲಹೆ: ಹಿಂದೆ ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ. ರಿಪೋರ್ಟಿನ ಮೇಲಿರುವ ನಂಬರ್ ಬರೆದು ಅರ್ಜಿ ಕೊಟ್ಟು, ಆಗ ತೆಗೆದ ಗಡ್ಡೆಯ ಚೂರನ್ನು ಕೂಡಿಸಿಟ್ಟ ಮೇಣದ ಬ್ಲಾಕ್ ಮತ್ತು ಅದರ ಗಾಜಿನ ಸ್ಲೈಡ್ ಪಡೆಯಿರಿ. ಬ್ಲಾಕನ್ನು ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡ್‌ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಹೊಸ ಅಂಗಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಡ್ಡೆ ಅಂಡಾಶಯದೊಳಗೇ ಇದ್ದರೆ ಸೂಜಿ ಚುಚ್ಚಿಸುವ ಮುನ್ನ ಸರ್ಜನ್‌ನನ್ನು ಕೇಳಲೇಬೇಕು. ಅಲ್ಲೇ ಹುಟ್ಟಿದ ಕ್ಯಾನ್ಸರ್ ಆಗಿದ್ದರೆ ಒಡೆದು ಹೊಟ್ಟೆಗೆ ಚೆಲ್ಲಬಹುದು. ಇವರಿಗೆ ಹೊಟ್ಟೆಯ ನೀರನ್ನೂ ಒಳಪದರದ ದಪ್ಪಗಾದ ಭಾಗದ ಚೂರನ್ನೂ ತೆಗೆದರು.

ಚೂರಿನ ಪರೀಕ್ಷೆಯಲ್ಲಿ ಇಆರ್ (ಈಸ್ಟ್ರೊಜೆನ್ ಹಾರ್ಮೋನ್ ಹಿಡಿಯುವ ಗ್ರಾಹಿ) ಪಾಸಿಟಿವ್ ಬಂದಾಕ್ಷಣ ಸ್ತನದ್ದೇ ಎನ್ನುವವರಿದ್ದಾರೆ. ಅಂಡಾಶಯದ ಕ್ಯಾನ್ಸರ್ರೂ ಇಆರ್ ಪಾಸಿಟಿವ್ ಆಗುತ್ತದೆ. ರಕ್ತದಲ್ಲಿ ನೋಡುವ ಸಿಎ-125 ಎಂಬ ಗುರುತು ಎರಡರಲ್ಲೂ ಏರಬಹುದು. ಸಾಮಾನ್ಯವಾಗಿ ಸ್ತನದ ಕಡೆ ಬೆರಳು ತೋರುವ ಗಾಟಾ3, ಅಂಡಾಶಯದ ಕಡೆ ತೋರುವ ಪ್ಯಾಕ್ಸ್8 ಎರಡು ಪರೀಕ್ಷೆಗಳನ್ನೂ ಮಾಡಿದ್ದಾರೆಯೇ ಎಂದು ಕೇಳಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆವು. ಗಾಟಾ3 ಪಾಸಿಟಿವ್, ಪ್ಯಾಕ್ಸ್8 ನೆಗೆಟಿವ್ ಬಂತು. ಸ್ತನದಿಂದಲೇ ಹರಡಿದ್ದು, ನಾಲ್ಕನೇ ಹಂತ. ಅಂಡಾಶಯದ ಕ್ಯಾನ್ಸರ್‌ಗೆ ಮಾಡುವ ದೊಡ್ಡ ಆಪರೇಷನ್ ಕೈಬಿಟ್ಟರು.

ಹರ್2 (ಕ್ಯಾನ್ಸರ್ ಕಣ ಬೆಳೆಸುವ ಒಂದು ಪ್ರೋಟೀನ್) ನೆಗೆಟಿವ್ ಇದ್ದುದರಿಂದ ವೈದ್ಯರು ಈಸ್ಟ್ರೊಜೆನ್ ತಯಾರಿ ತಗ್ಗಿಸುವ ಲೆಟ್ರೊಜೋಲ್ ದಿನಕ್ಕೆ 2.5 ಮಿ.ಗ್ರಾಂ., ಜೊತೆಗೆ ಕ್ಯಾನ್ಸರ್ ಕಣ ಹೆಚ್ಚದಂತೆ ತಡೆಯುವ ಪಾಲ್ಬೊಸಿಕ್ಲಿಬ್ 125 ಮಿ.ಗ್ರಾಂ. 21 ದಿನ ನುಂಗಿ 7 ದಿನ ಬಿಡುವು ಎಂದರು. ಅಂಡಾಶಯದ ಕೆಲಸ ನಿಲ್ಲಿಸಲು 28 ದಿನಕ್ಕೊಮ್ಮೆ ಇಂಜೆಕ್ಷನ್. ಮುಟ್ಟು ನಿಲ್ಲದವರಿಗೆ ಈ ಇಂಜೆಕ್ಷನ್ ತಪ್ಪಿದರೆ ಲೆಟ್ರೊಜೋಲ್ ನುಂಗಿಯೂ ಪ್ರಯೋಜನವಿಲ್ಲ. ಖರ್ಚಿಗೆ ಹೆದರಿ ಜನ ಮೊದಲು ಬಿಡುವುದೇ ಅದನ್ನು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ಯಾವ ಔಷಧಿ ಅದರೊಳಗೆ ಬರುತ್ತದೆಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ. ಪಾಲ್ಬೊಸಿಕ್ಲಿಬ್ 2023ರಿಂದ ಜೆನರಿಕ್ಕಾಗಿ (ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧಿಯಾಗಿ) ಸಿಗುತ್ತಿದೆ.

ಮುಚ್ಚಿಡುವ ವಿಷಯದಲ್ಲಿ ಮಗಳಿಗೆ ಹೇಳಿದ್ದು ಇಷ್ಟು: ಪಾಲ್ಬೊಸಿಕ್ಲಿಬ್ ಬಿಳಿರಕ್ತಕಣ ಇಳಿಸುತ್ತದೆ. 100.4 ಡಿಗ್ರಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ನೀರುಗುಳ್ಳೆ ಎಂದು ನಂಬಿದವರು ಕಷಾಯ ಕುಡಿದು ಮಲಗುತ್ತಾರೆ. ಅಮ್ಮನನ್ನು ಒಳಗೆ ಕರೆದು, ಎಷ್ಟು ತಿಳಿಯಬೇಕೆಂದಿದೆ ಎಂದು ಕೇಳಿದಾಗ, "ನೀರುಗುಳ್ಳೆಗೆ ಇಷ್ಟೊಂದು ಟೆಸ್ಟ್ ಮಾಡ್ತಾರಾ ಮೇಡಂ?" ಎಂದರು. ಪೂರ್ತಿ ಗುಣವಾಗುವುದಲ್ಲ, ಆದರೆ ಔಷಧಿಯಿಂದ ವರ್ಷಗಟ್ಟಲೆ ಹಿಡಿತದಲ್ಲಿಡಲು ಆಗುವುದುಂಟು ಎಂದು ಅವರಿಗೇ ಹೇಳಲಾಯಿತು.

ಮಗಳು ತಾನೂ ಬಿಆರ್‌ಸಿಎ ಟೆಸ್ಟ್ (ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶವಾಹಿ ದೋಷದ ಪರೀಕ್ಷೆ) ಮಾಡಿಸುತ್ತೇನೆ ಎಂದಳು. ಮೊದಲು ಅಮ್ಮನಿಗೆ ಮಾಡಿಸಿ ಎಂದೆವು. ಅವರಲ್ಲಿ ದೋಷ ಸಿಕ್ಕರೆ ಔಷಧಿಯ ಆಯ್ಕೆಗೂ ಅದು ಬೇಕಾಗುತ್ತದೆ, ಮಗಳು ಆ ಒಂದು ದೋಷವನ್ನಷ್ಟೇ ನೋಡಿಸಿದರೆ ಸಾಕು.