ಎದೆ ತಪ್ಪಿ ಬಡಿಯುತ್ತದೆ, ದಿನಾ ಎಳನೀರು ಕುಡಿಸಲಾ?

ಪ್ರಶ್ನೆ: ನಮ್ಮವ್ವನಿಗೆ 62 ವರ್ಷ. ಬಿಪಿ ಗುಳಿಗೆಯ ಜೊತೆಗೆ ಕಾಲು ಬಾವು ಇಳಿಯಲು ನೀರು ಹೋಗುವ ಗುಳಿಗೆಯನ್ನೂ ನುಂಗುತ್ತಾಳೆ. ಹೋದ ತಿಂಗಳು ಎರಡು ದಿನ ಜುಲಾಬು ಹತ್ತಿತ್ತು. ಮೂರನೇ ದಿನ ‘ಎದಿ ನಡುನಡುವ ತಪ್ಪಿ ಬಡದಂಗ ಆಗ್ತದ’ ಅಂದಳು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ 2.9 ಬಂತು. ಸಲೈನ್ ಹಚ್ಚಿ ಅದರ ಜೊತೆ ಮೆಗ್ನೀಸಿಯಂ ಕೂಡ ಕೊಟ್ಟರು. ಅದು ಯಾಕೆ? ಈಗ ಓಣಿಯವರು ದಿನಾ ಎರಡು ಎಳನೀರು ಕುಡಿಸು ಅನ್ನುತ್ತಿದ್ದಾರೆ. ಕುಡಿಸಲಾ?
– ಓದುಗರು, ಮುಧೋಳ

ಉತ್ತರ: ತಡ ಮಾಡದೆ ಕರೆದುಕೊಂಡು ಹೋದಿರಿ, ಒಳ್ಳೆಯದಾಯಿತು. ರಕ್ತದಲ್ಲಿ ಪೊಟ್ಯಾಸಿಯಂ ಸುಮಾರು 3.5ರಿಂದ 5ರೊಳಗೆ ಇರಬೇಕು. 2.9 ಸಣ್ಣ ಮಾತಲ್ಲ.

ಮೈಯಲ್ಲಿರುವ ಪೊಟ್ಯಾಸಿಯಂ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ಹೊರಗಿರುವುದು ಚೂರೇ ಚೂರು. ಪ್ರತಿ ಬಡಿತ ಮುಗಿದ ಮೇಲೆ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹರಿದಾಗಲೇ ಅವು ಮುಂದಿನ ಬಡಿತಕ್ಕೆ ಸಜ್ಜಾಗುವುದು. ರಕ್ತದಲ್ಲಿ ಅದು ಇಳಿದರೆ ಈ ಸಜ್ಜಾಗುವ ಕೆಲಸ ತಡವಾಗುತ್ತದೆ. ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಬಡಿತ ನುಗ್ಗುತ್ತದೆ, ಅದರ ಹಿಂದೆ ಒಂದು ಬಿಡುವು. ಅವ್ವ ‘ತಪ್ಪಿತು’ ಅಂದದ್ದು ಆ ಬಿಡುವಿಗೆ.

ಕಿಡ್ನಿಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳಿವೆ. ಅವಕ್ಕೆ ಅಗುಳಿ ಹಾಕಿಡುವುದು ಮೆಗ್ನೀಸಿಯಂ. ಜುಲಾಬು, ನೀರು ಹೋಗುವ ಗುಳಿಗೆ, ಎರಡರಲ್ಲೂ ಮೆಗ್ನೀಸಿಯಂ ಕಳೆದುಹೋಗುತ್ತದೆ. ಅದನ್ನು ತುಂಬದೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಮೂತ್ರದಲ್ಲಿ ಸೋರಿಹೋಗುತ್ತದೆ. ಅಸಿಡಿಟಿಗೆ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರಲ್ಲೂ ಮೆಗ್ನೀಸಿಯಂ ಇಳಿಯಬಹುದು. ಅವ್ವನ ಗುಳಿಗೆ ಡಬ್ಬಿಯಲ್ಲಿ ಅದಿದೆಯಾ ನೋಡಿ.

ಎಳನೀರಿನ ಮಾತು ಬಂದರೆ ನನಗೆ ನನ್ನ ಅಪ್ಪನೇ ನೆನಪಾಗುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಿಡ್ನಿ ಸೋತಿತ್ತು. ವಿಜಯಪುರದ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಂಪಾಗಲಿ ಅಂತ ದಿನಾ ಎರಡು ಎಳನೀರು ಕುಡಿಯುತ್ತಿದ್ದರು. ಬಿಪಿಗೆ ಒಳ್ಳೆಯದು ಅಂತ ಯಾರೋ ಹೇಳಿದ ‘ಕಡಿಮೆ ಸೋಡಿಯಂ’ ಉಪ್ಪು ಅಡುಗೆಗೆ ಬೇರೆ. ಅಂಥ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಒಂದು ಸಂಜೆ ಕಟ್ಟೆಯ ಮೇಲೆ ಕೂತವರಿಗೆ ಏಳಲಾಗಲಿಲ್ಲ, ಕಾಲಲ್ಲಿ ಕಸುವೇ ಇಲ್ಲ. ನಾಡಿ ಹಿಡಿದೆ, 38. ಇಸಿಜಿ ಕಾಗದದ ಮೇಲೆ ಪ್ರತಿ ಬಡಿತದ ಕೊನೆಗೆ ಮೂಡುವ ‘ಟಿ ಅಲೆ’ ಗುಡಾರದ ತುದಿಯ ಹಾಗೆ ಚೂಪಾಗಿ ಎದ್ದಿತ್ತು. ಪೊಟ್ಯಾಸಿಯಂ 7.1. ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ ನಿಧಾನವಾಗಿ ಕೊಡುತ್ತಾ ಮಾನಿಟರ್ ಬಿಟ್ಟು ಕಣ್ಣು ತೆಗೆಯಲಿಲ್ಲ. ಕೆಲವೇ ನಿಮಿಷಕ್ಕೆ ಆ ಚೂಪು ತಗ್ಗಿತು. ಕ್ಯಾಲ್ಸಿಯಂ ಪೊಟ್ಯಾಸಿಯಂ ಇಳಿಸುವುದಿಲ್ಲ, ಅದು ಇಳಿಯುವ ತನಕ ಹೃದಯವನ್ನು ಕಾಯುತ್ತದೆ, ಅಷ್ಟೇ.

ಪೊಟ್ಯಾಸಿಯಂ ಇಳಿದರೂ ಸುಸ್ತು, ಏರಿದರೂ ಸುಸ್ತು. ಎದೆ ತಪ್ಪುವುದೂ ಎರಡರಲ್ಲೂ ಆಗುತ್ತದೆ. ಸುಮ್ನೆ ನೋಡಿ ಹೇಳಲು ನನಗೂ ಆಗುವುದಿಲ್ಲ. ಹಾಗಾಗಿ ಮೊದಲು ಅವ್ವನ ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮತ್ತು ಪೊಟ್ಯಾಸಿಯಂ ಇನ್ನೊಮ್ಮೆ ಮಾಡಿಸಿ. ಬಿಪಿ ಗುಳಿಗೆಯ ಹೆಸರೂ ಡಾಕ್ಟರಿಗೆ ತೋರಿಸಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದವು ಪೊಟ್ಯಾಸಿಯಂ ಏರಿಸುತ್ತವೆ. ಕಿಡ್ನಿ ಚೆನ್ನಾಗಿದ್ದು ಅವರು ಹೂಂ ಅಂದರೆ ಒಂದು ಎಳನೀರು, ಒಂದು ಬಾಳೆಹಣ್ಣು ಧಾರಾಳವಾಗಿ ಕೊಡಿ.

ಮತ್ತೆ ಜುಲಾಬು ಹತ್ತಿದರೆ ಮೊದಲ ದಿನವೇ ಓಆರ್‌ಎಸ್ ಶುರು ಮಾಡಿ. ನೀರು ಹೋಗುವ ಗುಳಿಗೆ ಅವತ್ತು ಕೊಡಬೇಕಾ ಬೇಡವಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಎದೆ ತಪ್ಪುವುದರ ಜೊತೆ ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.