ಹುಟ್ಟೂರಿಗೆ ರಜೆಯಲ್ಲಿ ಬರುವ ಸೈನಿಕನಿಗೂ ಮಲೇರಿಯಾ ಮಾತ್ರೆ ಬೇಕೇ?

ಪ್ರಶ್ನೆ: ನನ್ನ ಮಗ ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಓದಲೆಂದು ಅಮೆರಿಕಕ್ಕೆ ಹೋದವನು ಅಲ್ಲಿನ ಸೇನೆಗೆ ಸೇರಿ, ಈಗ ಅಲ್ಲಿಯ ಪೌರನೂ ಆಗಿದ್ದಾನೆ. ಎಂಟು ವರ್ಷಗಳ ನಂತರ ಈ ಜುಲೈಯಲ್ಲಿ ಒಂದು ತಿಂಗಳ ರಜೆಯ ಮೇಲೆ ಮನೆಗೆ ಬರುತ್ತಿದ್ದಾನೆ. ಹೊರಡುವ ಮೊದಲೇ ಮಲೇರಿಯಾ ತಡೆಯುವ ಮಾತ್ರೆ ಆರಂಭಿಸಬೇಕೆಂದು ಅಲ್ಲಿನ ಸೇನಾ ವೈದ್ಯರು ಹೇಳಿದ್ದಾರಂತೆ. ಚಿಕ್ಕಂದಿನಲ್ಲಿ ಎರಡು ಸಲ ಮಲೇರಿಯಾ ಬಂದುಹೋಗಿದೆ, ಮೈಗೆ ಅದು ಒಗ್ಗಿಹೋಗಿದೆ, ಸ್ವಂತ ಮನೆಗೆ ಬರಲು ಮಾತ್ರೆ ಏಕೆ ಎಂದು ಅವನು ಕೇಳುತ್ತಾನೆ. ಅವನ ಮಾತು ಸರಿಯೇ?

ಉತ್ತರ: ಸರಿಯಲ್ಲ, ವೈದ್ಯರು ಹೇಳಿದಂತೆ ಅವರು ಮಾತ್ರೆ ತೆಗೆದುಕೊಳ್ಳಲೇಬೇಕು. ಆದರೆ ನಿಮ್ಮ ಮಗನ ನಂಬಿಕೆ ಅವರೊಬ್ಬರದ್ದೇ ಅಲ್ಲ. ಅಮೆರಿಕದ ಸೇನೆಯಲ್ಲಿರುವ ಘಾನಾ, ನೈಜೀರಿಯಾ, ಲೈಬೀರಿಯಾ ಮೂಲದ ಸೈನಿಕರಲ್ಲೂ ಇದೇ ನಂಬಿಕೆ ಇರುವುದುಂಟು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 2,000 ಮಲೇರಿಯಾ ಪ್ರಕರಣಗಳು ದಾಖಲಾಗುತ್ತವೆ. ಬಹುತೇಕ ಎಲ್ಲವೂ ಹೊರದೇಶಗಳಲ್ಲಿ ತಗಲಿದವು, ಮತ್ತು ರೋಗಿಗಳಲ್ಲಿ ಹೆಚ್ಚಿನವರು ಬಂಧುಬಳಗವನ್ನು ಕಾಣಲು ಹುಟ್ಟೂರಿಗೆ, ಅದರಲ್ಲೂ ಆಫ್ರಿಕಕ್ಕೆ, ಹೋಗಿಬಂದವರು.

ಮಲೇರಿಯಾ ವಿರುದ್ಧ ದೇಹ ಗಳಿಸುವ ರಕ್ಷಣೆ ದಡಾರದ ವಿರುದ್ಧ ಗಳಿಸುವಂತಹದಲ್ಲ. ದಡಾರ ಒಮ್ಮೆ ಬಂದುಹೋದರೆ ಮತ್ತೆ ಬರುವುದು ತೀರ ಅಪರೂಪ. ಮಲೇರಿಯಾ ಪರಾವಲಂಬಿಯಾದರೋ ತಾನು ಹೊಕ್ಕ ಕೆಂಪು ರಕ್ತಕಣದ ಮೇಲ್ಮೈಯಲ್ಲಿ ತೋರುವ ಪ್ರೋಟೀನನ್ನು ಮತ್ತೆ ಮತ್ತೆ ಬದಲಿಸುತ್ತ ದೇಹದ ಕಣ್ಣಿಗೆ ಬೀಳದೆ ನುಣುಚಿಕೊಳ್ಳುತ್ತದೆ. ಪಶ್ಚಿಮ ಆಫ್ರಿಕದ ಹಳ್ಳಿಯಲ್ಲಿ ಬೆಳೆದ ಮಗುವಿಗೆ ವರ್ಷ ವರ್ಷವೂ ಸೋಂಕು ತಗಲಿ ತಗಲಿ, ದೊಡ್ಡವನಾಗುವ ಹೊತ್ತಿಗೆ, ರಕ್ತದಲ್ಲಿ ಪರಾವಲಂಬಿ ಇದ್ದರೂ ಜ್ವರ ಉಲ್ಬಣಿಸದಷ್ಟು ಸಹನೆ ಬಂದಿರುತ್ತದೆ. ಅದೂ ಪೂರ್ಣ ರಕ್ಷಣೆಯಲ್ಲ, ಮತ್ತು ಸೊಳ್ಳೆಯ ಸಂಪರ್ಕ ತಪ್ಪಿದ ಕೆಲವೇ ವರ್ಷಗಳಲ್ಲಿ ಕರಗುತ್ತಾ ಬರುತ್ತದೆ. ಇಂಥವರಲ್ಲಿ ಸಾವಿನ ಪ್ರಮಾಣ ಪ್ರವಾಸಿಗರಿಗಿಂತ ಕಡಿಮೆ ಎಂಬುದು ಬ್ರಿಟನ್ನಿನಲ್ಲಿ ಕಂಡುಬಂದಿದೆ. ಹಾಗೆಂದು ಯಾವೊಬ್ಬ ರೋಗಿಯೂ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಏಕೆಂದರೆ ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ಕೆಲವೇ ದಿನಗಳಲ್ಲಿ ಮಿದುಳಿಗೂ ಮೂತ್ರಪಿಂಡಕ್ಕೂ ಕುತ್ತು ತರಬಲ್ಲದು.

ನಿಮ್ಮ ಮಗನಿಗೆ ಅಷ್ಟು ಸಹನೆಯೂ ಇರಲು ಕಾರಣವಿಲ್ಲ. ಮಂಗಳೂರಿನ ಮಲೇರಿಯಾ ನಗರದ ಮಲೇರಿಯಾ: ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರು, ಮುಚ್ಚಳವಿಲ್ಲದ ತೊಟ್ಟಿ ಮತ್ತು ಓವರ್‌ಹೆಡ್ ಟ್ಯಾಂಕುಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಅದನ್ನು ಹರಡುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಇನ್ನೊಂದು ಬಗೆ. ಬಾಲ್ಯದ ಎರಡು ಜ್ವರಗಳಿಂದ ಎಂಟು ವರ್ಷ ಬಾಳುವ ರಕ್ಷಣೆ ಹುಟ್ಟುವುದಿಲ್ಲ. ಈಚಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದಿರುವುದು ನಿಜವಾದರೂ ಜುಲೈ ಎಂದರೆ ಮಳೆಗಾಲದ ನಡುಮಧ್ಯ.

ಸೈನಿಕರ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ. ಕರ್ತವ್ಯದ ಮೇಲೆ ಹೋದಾಗ ಮಾತ್ರೆ, ಸೊಳ್ಳೆಪರದೆ, ಪರ್ಮೆತ್ರಿನ್ ಎಂಬ ಕೀಟನಾಶಕ ಹಚ್ಚಿದ ಸಮವಸ್ತ್ರ ಎಲ್ಲವೂ ಆಜ್ಞೆಯ ಭಾಗ. ಅಷ್ಟಿದ್ದೂ 2003ರಲ್ಲಿ ಲೈಬೀರಿಯಾದಲ್ಲಿ ದಡಕ್ಕಿಳಿದ ಸುಮಾರು 225 ಅಮೆರಿಕನ್ ಮರೀನ್ ಸೈನಿಕರಲ್ಲಿ 80 ಮಂದಿಗೆ ಮಲೇರಿಯಾ ತಗಲಿತು. ಮಾತ್ರೆಯನ್ನು ಕ್ರಮವಾಗಿ ನುಂಗದಿದ್ದುದು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಇನ್ನು ರಜೆಯಲ್ಲಿ ಮನೆಗೆ ಬಂದವನಿಗೆ ನೆನಪಿಸುವ ಅಧಿಕಾರಿಯೂ ಇಲ್ಲ. ಆ ಕೆಲಸವನ್ನು ನೀವೇ ವಹಿಸಿಕೊಳ್ಳಿ: ಅವನ ಕೋಣೆಗೆ ಪರದೆ ಕಟ್ಟಿ, ಟ್ಯಾಂಕಿನ ಮುಚ್ಚಳ ನೋಡಿ, ಊಟದೊಂದಿಗೆ ಮಾತ್ರೆ ಕೊಡಿ.

ವೈದ್ಯರು ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬ ಮಾತ್ರೆ ಕೊಟ್ಟಿದ್ದರೆ ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಆರಂಭಿಸಿ ದಿನವೂ ತೆಗೆದುಕೊಂಡು, ಹಿಂದಿರುಗಿದ ಮೇಲೆ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ ಹಿಂದಿರುಗಿದ ಮೇಲೆ 4 ವಾರ. ಊರು ಬಿಟ್ಟೆನೆಂದು ವಿಮಾನ ನಿಲ್ದಾಣದಲ್ಲೇ ಮಾತ್ರೆ ನಿಲ್ಲಿಸುವವರು ಬಹಳ.

ಇವೆರಡೂ ಯಕೃತ್ತಿನಲ್ಲಿ ನಿದ್ರಿಸುವ ವೈವಾಕ್ಸ್ ಪರಾವಲಂಬಿಯನ್ನು ಕೊಲ್ಲಲಾರವು, ಆದ್ದರಿಂದ ತಿಂಗಳುಗಳ ನಂತರವೂ ಜ್ವರ ಕಾಣಿಸಬಹುದು. ಅದನ್ನು ನಿರ್ಮೂಲ ಮಾಡುವ ಪ್ರೈಮಾಕ್ವಿನ್ ಬೇಕೇ ಎಂಬುದನ್ನು, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇಲ್ಲವೆಂದು ಖಚಿತಪಡಿಸಿಕೊಂಡು, ಸೇನಾ ವೈದ್ಯರೇ ನಿರ್ಧರಿಸಬೇಕು. ಕೊರತೆ ಇರುವವರಲ್ಲಿ ಈ ಔಷಧ ರಕ್ತಕಣಗಳನ್ನು ಒಡೆಯುತ್ತದೆ.

ಹಿಂದಿರುಗಿದ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ, ಚಳಿ ನಡುಕ ಇರಲಿ ಬಿಡಲಿ, ಅವರು ಅದೇ ದಿನ ಆಸ್ಪತ್ರೆಗೆ ಹೋಗಿ "ನಾನು ಭಾರತಕ್ಕೆ ಹೋಗಿದ್ದೆ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿ" ಎಂದು ತಾವಾಗಿಯೇ ಹೇಳಬೇಕು. ಮಲೇರಿಯಾವನ್ನು ವರ್ಷಕ್ಕೊಮ್ಮೆಯೂ ಕಾಣದ ಅಲ್ಲಿನ ವೈದ್ಯರು ಅದನ್ನು ಫ್ಲೂ ಎಂದುಕೊಳ್ಳುವ ಸಂಭವವಿದೆ.